ಯೊರ್ದಾನ್‌ನ ಮೂರನೇ ಮಹಡಿಯೂ ನೀರಿನಡಿಯ ಮರದ ಕಂಬಗಳೂ

ಪ್ರಶ್ನೆ: ನಾನು, ಪತ್ನಿ ಮತ್ತು ನಾಲ್ಕು ವರ್ಷದ ಮಗಳು ಆರು ವರ್ಷಗಳಿಂದ ಆಮ್‌ಸ್ಟೆಲ್‌ವೇನ್‌ನಲ್ಲಿ ಬಾಡಿಗೆಗೆ ಇದ್ದೇವೆ. ಈಗ ಆಮ್‌ಸ್ಟರ್‌ಡ್ಯಾಮ್‌ನ ಯೊರ್ದಾನ್ ಬಡಾವಣೆಯಲ್ಲಿ, ವೆಸ್ಟರ್‌ಸ್ಟ್ರಾಟ್‌ಗೆ ಕೂಡುವ ಸಣ್ಣ ರಸ್ತೆಯೊಂದರಲ್ಲಿ, 1884ರ ಕಟ್ಟಡದ ಮೂರನೇ ಮಹಡಿಯ 58 ಚದರ ಮೀಟರ್ ಮನೆ ಮನಸ್ಸಿಗೆ ಬಂದಿದೆ. ಒಟ್ಟು ನಾಲ್ಕು ಮನೆಗಳು. ನೆಲಮಹಡಿಯದು ಕಡಿಮೆ ಬಾಡಿಗೆಗೆ ಮನೆ ಕೊಡುವ ವಸತಿ ಕಾರ್ಪೊರೇಶನ್‌ಗೆ ಸೇರಿದ್ದು, ಅದೇ ಬೀದಿಯಲ್ಲಿ ಹುಟ್ಟಿ ಬೆಳೆದ ವೃದ್ಧೆಯೊಬ್ಬರು ಅಲ್ಲಿ ಬಾಡಿಗೆಗಿದ್ದಾರೆ. ಮಾಲೀಕರ ಸಂಘಕ್ಕೆ ಪ್ರತಿ ಮನೆಯಿಂದ ತಿಂಗಳಿಗೆ 75 ಯೂರೋ, ನಿಧಿಯಲ್ಲಿ ಸುಮಾರು 9,000 ಯೂರೋ ಇದೆಯಂತೆ. ದುರಸ್ತಿ ಯೋಜನೆ ಇಲ್ಲ. ‘ಇಲ್ಲಿ ಎಲ್ಲರೂ ಪರಿಚಿತರು, ಏನಾದರೂ ಬಂದರೆ ಕೂತು ಮಾತಾಡಿಕೊಳ್ಳುತ್ತಾರೆ’ ಎನ್ನುತ್ತಾನೆ ಏಜೆಂಟ್. ಮುಂಭಾಗದ ಗೋಡೆ ಬೀದಿಯ ಕಡೆಗೆ ಬಾಗಿದೆ, ಒಳಗೆ ನೆಲ ಎಡಕ್ಕೆ ಇಳಿಜಾರಾಗಿದೆ. ಮರದ ಕಂಬದ ಮೇಲಿನ ಮನೆ ಬೇಡವೇ ಬೇಡ ಎಂದು ಒಬ್ಬ ಸ್ನೇಹಿತರು, ಮೇಲಿನ ಮಹಡಿಯವರಿಗೆ ಪಾಯದ ಚಿಂತೆ ಯಾಕೆ ಎಂದು ಇನ್ನೊಬ್ಬರು. ಯೂಟ್ರೆಕ್ಟ್‌ನಲ್ಲಿ ನೋಡಿದ ಮತ್ತೊಂದು ಮನೆಯ ವಿವರದಲ್ಲಿ ‘ಓಪ್ ಸ್ಟಾಲ್’ ಪಾಯ ಎಂದಿದೆ. ಉಕ್ಕಿನ ಪಾಯವೇ ವಾಸಿಯಲ್ಲವೇ? ಷರತ್ತು ಹಾಕದೆ ಬೆಲೆ ಕೂಗಿದರೆ ಮಾತ್ರ ಸಿಗುತ್ತದೆ ಎನ್ನುತ್ತಾರೆ. ಇಷ್ಟು ಒಗ್ಗಟ್ಟಿನ ಜನರ ನಡುವೆ, ಓಡಾಡುವ ಮಗುವಿನೊಂದಿಗೆ, ನಾವು ಹೊಂದಿಕೊಳ್ಳುತ್ತೇವೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಏಳೆಂಟು ಪ್ರಶ್ನೆಗಳಿದ್ದರೂ ಅವುಗಳಲ್ಲಿ ಹೆಚ್ಚಿನವು ಒಂದೇ ತಿಳಿವಳಿಕೆಯ ಕೊರತೆಯಿಂದ ಹುಟ್ಟಿವೆ. ನೀವು ಮೂರನೇ ಮಹಡಿಯಲ್ಲಿ 58 ಚದರ ಮೀಟರ್ ಕೊಳ್ಳುತ್ತಿದ್ದೇವೆ ಎಂದುಕೊಂಡಿದ್ದೀರಿ. 1951ರಲ್ಲಿ ಮೊದಲ ಬಾರಿಗೆ ಬಂದ ಡಚ್ ಅಪಾರ್ಟ್‌ಮೆಂಟ್ ಕಾನೂನಿನ ಪ್ರಕಾರ ನೀವು ಕೊಳ್ಳುವುದು ಇಡೀ ಕಟ್ಟಡದಲ್ಲಿ ಒಂದು ಪಾಲನ್ನು. ನೆಲದಡಿಯ ಕಂಬದ ತುದಿಯಿಂದ ಹೆಂಚಿನ ನೆತ್ತಿಯವರೆಗೆ ಎಲ್ಲದರಲ್ಲೂ ನಿಮಗೆ ಪಾಲಿರುತ್ತದೆ, ಮೂರನೇ ಮಹಡಿಯನ್ನು ನೀವೊಬ್ಬರೇ ಬಳಸುವ ಹಕ್ಕು ಅದರ ಜೊತೆಗೆ ಬರುತ್ತದೆ. ನಾನು ಇಲ್ಲಿನ ಹಳೆಯ ಕಟ್ಟಡಗಳನ್ನು ಕೊಳ್ಳುವವರ ಪರವಾಗಿ ತಪಾಸಣೆ ಮಾಡುವ ಎಂಜಿನಿಯರ್. ಬೆಂಗಳೂರಿನ ಫ್ಲ್ಯಾಟ್ ವ್ಯವಹಾರವನ್ನು ನೋಡಿ ಬಂದ ನಮ್ಮವರು ಹೆಚ್ಚಾಗಿ ಎಡವುವುದು ಇದೇ ಹೊಸ್ತಿಲಲ್ಲಿ. ಅಡುಗೆಮನೆಯ ಟೈಲ್ಸನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ, ಕಟ್ಟಡವನ್ನು ಪಾಲು ಮಾಡಿ ಬರೆದ ವಿಭಜನಾ ಪತ್ರವನ್ನು ಕೇಳುವುದೇ ಇಲ್ಲ.

ಆದ್ದರಿಂದ ಮೇಲಿನ ಮಹಡಿಗೆ ಪಾಯದ ಚಿಂತೆ ಇಲ್ಲ ಎಂದ ನಿಮ್ಮ ಎರಡನೆಯ ಸ್ನೇಹಿತರ ಮಾತನ್ನು ಮೊದಲು ಬದಿಗಿಡಿ. ಪಾಯದ ಖರ್ಚನ್ನು ಪಾಯಕ್ಕೆ ಹತ್ತಿರ ಇರುವವರು ಕೊಡುವುದಿಲ್ಲ; ವಿಭಜನಾ ಪತ್ರದಲ್ಲಿ ಪ್ರತಿ ಮನೆಗೆ ಎಷ್ಟು ಭಾಗ ಎಂದು ಬರೆದಿದೆಯೋ ಆ ಪ್ರಮಾಣದಲ್ಲಿ ಎಲ್ಲರೂ ಕೊಡುತ್ತಾರೆ. ನಿಮ್ಮ ಪಾಲು ನೂರಕ್ಕೆ 22 ಎಂದಿಟ್ಟುಕೊಳ್ಳಿ, ಪಾಯದ ದುರಸ್ತಿಗೆ 2,40,000 ಯೂರೋ ಬಂತೆನ್ನಿ (ಇದು ಲೆಕ್ಕಕ್ಕಾಗಿ ಹಿಡಿದ ಅಂಕಿ). ನಿಮ್ಮ ತಲೆಗೆ 52,800 ಯೂರೋ ಬರುತ್ತದೆ. ಕಟ್ಟಡದ ವಿಮೆ ಸಾಮಾನ್ಯವಾಗಿ ಇದಕ್ಕೆ ಒದಗುವುದಿಲ್ಲ. ಪಾಯ ಮಾಲೀಕರದು, ಅದರ ಹೊಣೆಯೂ ಮಾಲೀಕರದೇ ಎಂಬುದು ಇಲ್ಲಿನ ನಿಯಮ.

ಮೊದಲ ಸ್ನೇಹಿತರ ಮಾತಿನಲ್ಲಿ ಅರ್ಧ ಸತ್ಯವಿದೆ. ಮರದ ಕಂಬ ಎಂದ ಕೂಡಲೇ ಬೆಚ್ಚುವುದಾದರೆ ಆಮ್‌ಸ್ಟರ್‌ಡ್ಯಾಮ್‌ನ ಹಳೆಯ ಊರಿನಲ್ಲಿ ನೀವು ಎಲ್ಲೂ ಮನೆ ಕೊಳ್ಳಲಾರಿರಿ. ದಾಮ್ ಚೌಕದ ಅರಮನೆ 17ನೇ ಶತಮಾನದಲ್ಲಿ ಬಡಿದ 13,659 ಮರದ ಕಂಬಗಳ ಮೇಲೆ ನಿಂತಿದೆ ಎಂದು ಇಲ್ಲಿನ ಶಾಲೆಯ ಮಕ್ಕಳೂ ಹೇಳುತ್ತಾರೆ. ಮೇಲಿನ ಹತ್ತು ಹನ್ನೆರಡು ಮೀಟರ್ ಮೆದು ಮಣ್ಣು ಮತ್ತು ಪೀಟ್ (ಅರೆಕೊಳೆತ ಗಿಡಗಳಿಂದಾದ ಮೆತ್ತನೆಯ ಮಣ್ಣು). ಅದರ ಕೆಳಗೆ ಗಟ್ಟಿ ಮರಳಿನ ಮೊದಲ ಪದರ. ಆ ಮರಳಿಗೆ ತಾಗುವ ತನಕ ಮರದ ದಿಮ್ಮಿಗಳನ್ನು ಜೋಡಿಜೋಡಿಯಾಗಿ ಬಡಿದು, ಪ್ರತಿ ಜೋಡಿಯ ತಲೆಯ ಮೇಲೆ ‘ಕೆಸ್ಪ್’ ಎಂಬ ಅಡ್ಡ ತೊಲೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಇಟ್ಟಿಗೆಯ ಗೋಡೆ. ಇದು ಆಮ್‌ಸ್ಟರ್‌ಡ್ಯಾಮ್ ಪದ್ಧತಿ. ರಾಟರ್‌ಡ್ಯಾಮ್‌ನಲ್ಲಿ ಗೋಡೆಯಡಿ ಕಂಬಗಳ ಒಂದೇ ಸಾಲು ಬಡಿಯುತ್ತಿದ್ದರು.

ನೀರಿನಲ್ಲಿ ಪೂರ್ತಿ ಮುಳುಗಿದ ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಉಸಿರಾಡಲು ಆಮ್ಲಜನಕ ಸಿಗುವುದಿಲ್ಲ. ಹೀಗಾಗಿ ನೀರಿನಡಿಯಲ್ಲಿ ಇರುವವರೆಗೆ ಕಂಬ ಶತಮಾನಗಟ್ಟಲೆ ಬಾಳುತ್ತದೆ. ನಮ್ಮ ಹಳ್ಳಿಯ ಬಾವಿಗೆ ಹಾಕಿದ ಮರದ ಚೌಕಟ್ಟು ನೀರಿನೊಳಗೆ ಗಟ್ಟಿಯಾಗಿದ್ದು, ನೀರಿನ ಅಂಚಿನಲ್ಲಿ ಮಾತ್ರ ಲಡ್ಡಾಗುವುದನ್ನು ನೀವು ನೋಡಿರಬಹುದು. ಆಮ್‌ಸ್ಟರ್‌ಡ್ಯಾಮ್‌ನ ಕಾಲುವೆಗಳ ನೀರಿನ ಮಟ್ಟವನ್ನು ಅಲ್ಲಿ ಎತ್ತರ ಅಳೆಯಲು ಬಳಸುವ ಮೂಲರೇಖೆಗಿಂತ ಸುಮಾರು 40 ಸೆಂಟಿಮೀಟರ್ ಕೆಳಗೆ ಹಿಡಿದಿಡುತ್ತಾರೆ. ಆದರೆ ಕಾಲುವೆಯ ನೀರೇ ಬೇರೆ, ನಿಮ್ಮ ಮನೆಯಡಿಯ ಅಂತರ್ಜಲವೇ ಬೇರೆ. ಒಡೆದ ಹಳೆಯ ಒಳಚರಂಡಿ ಕೊಳವೆ ಸುತ್ತಲಿನ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಬೀದಿಯ ದೊಡ್ಡ ಮರಗಳು ಹೀರುತ್ತವೆ, 2018ರಂತಹ ಬರದ ಬೇಸಿಗೆಯಲ್ಲಿ ಮಟ್ಟ ಇನ್ನೂ ಇಳಿಯುತ್ತದೆ. ಕಂಬದ ತಲೆ ಗಾಳಿಗೆ ಬಿದ್ದ ತಿಂಗಳುಗಳನ್ನು ಕೂಡಿಸುತ್ತಾ ಹೋದರೆ ಅದೇ ಕೊಳೆತದ ಲೆಕ್ಕ. ಇದಲ್ಲದೆ ಇನ್ನೆರಡು ಕಾರಣಗಳಿವೆ: ನೀರಿನಡಿಯಲ್ಲೂ ನಿಧಾನವಾಗಿ ಕೆಲಸ ಮಾಡುವ ಬ್ಯಾಕ್ಟೀರಿಯಾ ಪೈನ್ ಮರದ ಹೊರಪದರವನ್ನು ಹೆಚ್ಚು ತಿನ್ನುತ್ತದೆ, ಸ್ಪ್ರೂಸ್ ಅಷ್ಟಾಗಿ ಬಲಿಯಾಗುವುದಿಲ್ಲ, ಮತ್ತು ಸುತ್ತಲಿನ ಮೆದು ಮಣ್ಣು ಕುಸಿಯುವಾಗ ಕಂಬವನ್ನು ತಬ್ಬಿ ತನ್ನ ಜೊತೆಗೆ ಕೆಳಗೆಳೆಯುತ್ತದೆ. ನಿಮ್ಮ ವೆಸ್ಟರ್‌ಸ್ಟ್ರಾಟ್ 1861ರ ತನಕ ಕಾಲುವೆಯಾಗಿತ್ತು. ಮುಚ್ಚಿದ ಕಾಲುವೆಯ ಆಸುಪಾಸಿನಲ್ಲಿ ನೆಲ ಎಲ್ಲೆಡೆ ಒಂದೇ ರೀತಿ ಕೂರುವುದಿಲ್ಲ.

1884 ಎಂಬ ವರ್ಷಕ್ಕೂ ನಾನು ಸ್ವಲ್ಪ ಬೆಲೆ ಕೊಡುತ್ತೇನೆ. 19ನೇ ಶತಮಾನದ ಕೊನೆಯಲ್ಲಿ ಊರಿಗೆ ನುಗ್ಗಿದ ಕೂಲಿಕಾರರಿಗಾಗಿ ಗುತ್ತಿಗೆದಾರರು ಸಾಲದ ಹಣದಲ್ಲಿ, ಲಾಭದ ಅವಸರದಲ್ಲಿ ಎಬ್ಬಿಸಿದ ಕಟ್ಟಡಗಳಿಗೆ ಇಲ್ಲಿ ‘ರೆವೊಲುಟ್ಸಿ ಬೌ’ ಎನ್ನುತ್ತಾರೆ. ಕಂಬಗಳ ಸಂಖ್ಯೆಯಲ್ಲಿ, ದಪ್ಪದಲ್ಲಿ, ಗೋಡೆಯ ಇಟ್ಟಿಗೆಯಲ್ಲಿ ಜುಗ್ಗತನ ಮಾಡಿದ ಉದಾಹರಣೆಗಳಿವೆ. ಅವೆಲ್ಲವೂ ಕೆಟ್ಟವಲ್ಲ. ಆದರೆ ಮುನ್ನೂರು ವರ್ಷದ ಮನೆ ನಿಂತಿದೆಯಲ್ಲ, ನೂರ ನಲವತ್ತು ವರ್ಷದ್ದು ನಿಲ್ಲುವುದಿಲ್ಲವೇ ಎಂಬ ತರ್ಕವನ್ನು ಇಲ್ಲಿ ಹೂಡಬೇಡಿ. 2024ರಲ್ಲಿ ಸರಕಾರದ ಪರಿಸರ ಮತ್ತು ಮೂಲಸೌಕರ್ಯ ಸಲಹಾ ಮಂಡಳಿಯು, ದೇಶದಲ್ಲಿ ಸುಮಾರು 4.25 ಲಕ್ಷ ಕಟ್ಟಡಗಳ ಪಾಯಕ್ಕೆ ಈಗಾಗಲೇ ಹಾನಿಯಾಗಿದೆ ಅಥವಾ 2035ರೊಳಗೆ ಆಗಲಿದೆ ಎಂದು ಅಂದಾಜು ಕೊಟ್ಟಿತು. ಮರದ ಕಂಬವೂ ಸೇರಿ, ಕಂಬವಿಲ್ಲದ ಪಾಯವೂ ಸೇರಿ ಈ ಲೆಕ್ಕ.

ಇಲ್ಲಿಗೆ ನಿಮ್ಮ ಯೂಟ್ರೆಕ್ಟ್ ಮನೆಯ ಪ್ರಶ್ನೆ ಬಂತು. ‘ಓಪ್ ಸ್ಟಾಲ್’ ಎಂದರೆ ಉಕ್ಕಿನ ಮೇಲೆ ಎಂದಲ್ಲ. ಉಕ್ಕಿಗೂ ಡಚ್ಚರು ಸ್ಟಾಲ್ ಎನ್ನುವುದರಿಂದ ಹೊರಗಿನವರಿರಲಿ, ಇಲ್ಲಿನ ಯುವಕರೂ ಮೋಸಹೋಗುತ್ತಾರೆ. ಪಾಯದ ವಿಚಾರದಲ್ಲಿ ಅದೊಂದು ಹಳೆಯ ಪ್ರಯೋಗ. ಕಂಬವನ್ನೇ ಬಡಿಯದೆ, ನಮ್ಮ ಊರಿನ ಕಲ್ಲುಪಾಯದ ಹಾಗೆ, ಗಟ್ಟಿ ನೆಲದ ಮೇಲೆ ನೇರವಾಗಿ ಗೋಡೆ ಕೂರಿಸಿದ್ದಾರೆ ಎಂದಷ್ಟೇ ಅರ್ಥ. ಕೆಳಗೆ ಮರಳಿದ್ದರೆ ಇದು ಒಳ್ಳೆಯ ಪಾಯ, ಯೂಟ್ರೆಕ್ಟ್‌ನ ಪೂರ್ವ ಭಾಗದಲ್ಲಿ ಅಂಥ ನೆಲವಿದೆ. ಕೆಳಗೆ ಜೇಡಿಯೋ ಪೀಟೋ ಇದ್ದರೆ ಒಣಬೇಸಿಗೆಯಲ್ಲಿ ನೆಲ ಕುಗ್ಗಿದ ಹಾಗೆ ಗೋಡೆಯೂ ಬಿರಿಯುತ್ತದೆ. ಮಣ್ಣು ಯಾವುದೆಂದು ಕೇಳದೆ ಈ ಎರಡು ಮನೆಗಳನ್ನು ತೂಗಿ ನೋಡಲು ಬರುವುದಿಲ್ಲ.

ಬಾಗಿದ ಗೋಡೆಯ ವಿಷಯದಲ್ಲಿ ನಿಮಗೆ ಹೆದರಿಕೆ ಹುಟ್ಟಬೇಕಾದ ಜಾಗ ತಪ್ಪಿದೆ. ಬೀದಿಯ ಕಡೆಗೆ ಬಾಗಿದ ಮುಂಭಾಗವನ್ನು ಈ ಊರಿನಲ್ಲಿ ಬೇಕೆಂದೇ ಹಾಗೆ ಕಟ್ಟುತ್ತಿದ್ದರು. ನೆತ್ತಿಯಲ್ಲಿ ಚಾಚಿಕೊಂಡಿರುವ ತೊಲೆಗೆ ರಾಟೆ ಕಟ್ಟಿ ಸಾಮಾನು ಎಳೆದುಕೊಳ್ಳುವಾಗ ಅದು ಕಿಟಕಿಗೆ ಬಡಿಯಬಾರದು ಎಂಬುದು ಅದಕ್ಕೆ ಹೇಳುವ ಕಾರಣಗಳಲ್ಲೊಂದು; ಏಣಿಯಷ್ಟೇ ಕಡಿದಾದ ಅಲ್ಲಿನ ಮೆಟ್ಟಿಲು ಹತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು ನೆಲ ಎಡಕ್ಕೆ ಇಳಿದಿದೆ ಎಂಬುದು. ಇಲ್ಲಿ ಮನೆಗಳ ತೊಲೆಗಳು ಎಡಬಲದ ಜಂಟಿ ಗೋಡೆಗಳ ಮೇಲೆ ಕೂತಿರುತ್ತವೆ. ಇಡೀ ಕಟ್ಟಡ ಒಂದೇ ಸಮನಾಗಿ ನಾಲ್ಕು ಬೆರಳು ಕುಸಿದರೂ ದೊಡ್ಡ ಕೇಡಿಲ್ಲ. ಒಂದು ಬದಿಯ ಗೋಡೆ ಹೆಚ್ಚು ಇಳಿದರೆ ನೆಲ ವಾಲುತ್ತದೆ, ಬಾಗಿಲ ಚೌಕಟ್ಟು ಓರೆಯಾಗುತ್ತದೆ, ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಹತ್ತುತ್ತದೆ. ಈ ಇಳಿತ ನೂರು ವರ್ಷದ ಹಿಂದೆ ಆಗಿ ನಿಂತದ್ದೋ ಈಗಲೂ ನಡೆಯುತ್ತಿರುವುದೋ ಎಂಬುದೇ ಮುಖ್ಯ. ಹಳೆಯ ಇಳಿಜಾರಿಗೆ ತಕ್ಕಂತೆ ಬಾಗಿಲನ್ನು ಎಂದೋ ಕೊರೆದು ಕೂರಿಸಿದ್ದು ಈಗಲೂ ಸಲೀಸಾಗಿ ಮುಚ್ಚುತ್ತಿದ್ದರೆ ಸ್ವಲ್ಪ ನೆಮ್ಮದಿ. ಇತ್ತೀಚೆಗೆ ಮಾಡಿದ ಗಿಲಾವಿನಲ್ಲೂ ಹೊಸ ಬಿರುಕು ಕಂಡರೆ ನೆಮ್ಮದಿ ಬೇಡ. ಮತ್ತೆ ಹೋದಾಗ ಒಂದು ರಸಮಟ್ಟ ಹಿಡಿದುಕೊಂಡು ಹೋಗಿ, ಏಜೆಂಟ್ ನಗಲಿ. ಎಡಗಡೆಯ ಪಕ್ಕದ ಕಟ್ಟಡದ ಮುಂದೆ ನಿಂತು ಅಲ್ಲಿಯ ಇಟ್ಟಿಗೆ ಸಾಲುಗಳು ನಿಮ್ಮ ಕಡೆಗೆ ಇಳಿಯುತ್ತಿವೆಯೇ ನೋಡಿ. ಜಂಟಿ ಗೋಡೆಯ ಪಾಯ ಇಬ್ಬರದೂ ಆದ್ದರಿಂದ, ಅವರ ಕಷ್ಟ ಎಂದಾದರೂ ನಿಮ್ಮ ಬಾಗಿಲಿಗೆ ಬಂದೀತು.

ಸತ್ಯ ತಿಳಿಯುವ ದಾರಿ ಒಂದೇ: ಗೋಡೆಯ ಬುಡದಲ್ಲಿ ಗುಂಡಿ ತೋಡಿ, ಕಂಬದ ತಲೆಯನ್ನು ಬಯಲು ಮಾಡಿ, ಸ್ಪ್ರಿಂಗ್ ಇರುವ ಉಪಕರಣದಿಂದ ಸೂಜಿಯನ್ನು ಹೊಡೆದು ಅದು ಎಷ್ಟು ಒಳಹೋಗುತ್ತದೆ ಎಂದು ಅಳೆದು, ಮರದ ಚೂರನ್ನು ಪ್ರಯೋಗಾಲಯಕ್ಕೆ ಕಳಿಸುವುದು. ಜೊತೆಗೆ ಇಟ್ಟಿಗೆ ಸಾಲಿನ ಗಾರೆಯ ಗೆರೆ ಎಲ್ಲಿ ಎಷ್ಟು ಇಳಿದಿದೆ ಎಂದು ಅಳೆಯುತ್ತಾರೆ. ಈ ವರದಿ ಪಾಯಕ್ಕೆ ಇನ್ನೆಷ್ಟು ವರ್ಷದ ಭರವಸೆ ಕೊಡಬಹುದೆಂದು ಹೇಳುತ್ತದೆ. ಸಾಮಾನ್ಯ ಮನೆ ತಪಾಸಣೆಯಲ್ಲಿ ಇದು ಸೇರಿಲ್ಲ. ಕೆಲವು ನೂರು ಯೂರೋ ಕೊಟ್ಟು ನನ್ನಂಥವರನ್ನು ಕರೆಸಿದರೆ ನಾವು ಚಾವಣಿ, ತೊಲೆಯ ತುದಿ, ಒದ್ದೆ ಗೋಡೆ, 1960ಕ್ಕಿಂತ ಹಿಂದಿನ ಸೀಸದ ನೀರಿನ ಕೊಳವೆ, 1993ರ ನಿಷೇಧಕ್ಕೆ ಮುಂಚಿನ ಆಸ್ಬೆಸ್ಟಾಸ್ ಇವನ್ನೆಲ್ಲ ಹುಡುಕುತ್ತೇವೆ, ಪಾಯದ ಬಗ್ಗೆ ಲಕ್ಷಣಗಳನ್ನಷ್ಟೇ ಬರೆಯುತ್ತೇವೆ. ಗುಂಡಿ ತೋಡಲು ನೆಲಮಹಡಿಯವರ ಒಪ್ಪಿಗೆ ಬೇಕು, ಸಾವಿರಗಟ್ಟಲೆ ಯೂರೋ ಬೇಕು, ವಾರಗಳು ಬೇಕು. ಹಾಗಾಗಿ ಮೊದಲು ಹಳೆಯ ವರದಿ ಇದೆಯೇ ಎಂದು ಕೇಳಿ: ಸಂಘದ ಬಳಿ, ನಗರಸಭೆಯ ಕಟ್ಟಡ ದಾಖಲೆಗಳಲ್ಲಿ, ಮತ್ತು ವಸತಿ ಕಾರ್ಪೊರೇಶನ್‌ನಲ್ಲಿ. ನೆಲಮಹಡಿ ಕಾರ್ಪೊರೇಶನ್‌ನದು ಎಂಬುದು ನಿಮ್ಮ ಅದೃಷ್ಟ ಎಂದೇ ನಾನು ಎಣಿಸುತ್ತೇನೆ. ಅಂಥ ಸಂಸ್ಥೆಗಳು ಖಾಸಗಿಯವರಿಗಿಂತ ಹೆಚ್ಚು ಕಾಗದ ಇಟ್ಟುಕೊಂಡಿರುತ್ತವೆ. ಸಭೆಯಲ್ಲಿ ಮತ ಹಾಕುವುದೂ ಆ ಸಂಸ್ಥೆಯೇ ಹೊರತು ಅಜ್ಜಿಯಲ್ಲ ಎಂಬುದು ನೆನಪಿರಲಿ.

ಇನ್ನು ಸಂಘ. ‘ಕೂತು ಮಾತಾಡಿಕೊಳ್ಳುತ್ತಾರೆ’ ಎಂಬ ಮಾತು ಸುಳ್ಳಿರಲಾರದು. ಯೊರ್ದಾನ್ ಅಂಥದ್ದೇ ಜಾಗ: ಬಡ ಕುಟುಂಬಗಳು ಒಂದೊಂದು ಕೋಣೆಯಲ್ಲಿ ಒತ್ತೊತ್ತಾಗಿ ಬಾಳಿ, 1934ರಲ್ಲಿ ನಿರುದ್ಯೋಗ ಭತ್ಯೆ ಕಡಿತದ ವಿರುದ್ಧ ಬೀದಿಗಿಳಿದು ಪೊಲೀಸರನ್ನು ಎದುರಿಸಿದ ಕೇರಿ. ಹಳಬರಲ್ಲಿ ಎಷ್ಟೋ ಮಂದಿ ಅಲ್ಮೇರ್, ಪುರ್ಮರೆಂಡ್‌ನಂಥ ಸುತ್ತಲಿನ ಊರುಗಳಿಗೆ ಹೋದರು; ಉಳಿದವರಲ್ಲಿ ಆ ಕೊಡುಕೊಳೆ ಇನ್ನೂ ಇದೆ. ಆದರೆ ಮೂವತ್ತು ವರ್ಷದ ನೆರೆಹೊರೆ ಕಟ್ಟಿದ ನಂಬಿಕೆ ಅವರ ನಡುವಿನದು. ಅದನ್ನು ನೀವು ಕೊಳ್ಳಲಾಗದು. ನೀವು ಕೊಳ್ಳುವುದು ಆ ನಂಬಿಕೆಯ ಮೇಲೆ ಮುಂದೂಡುತ್ತಾ ಬಂದ ಕೆಲಸಗಳನ್ನು. ಹತ್ತು ವರ್ಷದಿಂದ ಚಾವಣಿ ಮುಟ್ಟದವರು ಜಗಳವಾಡದೆ ಇರುವುದು ಸಹಜವೇ, ಯಾರಿಗೂ ಹಣ ಕೇಳಿಲ್ಲವಲ್ಲ.

2018ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ವಸತಿ ಕಟ್ಟಡದ ಮಾಲೀಕರ ಸಂಘವು ಕನಿಷ್ಠ ಹತ್ತು ವರ್ಷದ ದುರಸ್ತಿ ಯೋಜನೆ ಮಾಡಿ ಅದರಂತೆ ಹಣ ಕೂಡಿಡಬೇಕು, ಇಲ್ಲವೇ ಕಟ್ಟಡವನ್ನು ಮತ್ತೆ ಕಟ್ಟಲು ಬೇಕಾದ ಮೊತ್ತದ ಶೇ 0.5ರಷ್ಟನ್ನು ಪ್ರತಿ ವರ್ಷ ನಿಧಿಗೆ ಹಾಕಬೇಕು. ನಿಮ್ಮ ಕಟ್ಟಡದ ಆ ಮೊತ್ತ 12 ಲಕ್ಷ ಯೂರೋ ಎಂದು ಹಿಡಿದರೆ ವರ್ಷಕ್ಕೆ 6,000 ಆಗುತ್ತದೆ. ನಾಲ್ಕು ಮನೆಯಿಂದ 75ರಂತೆ ಈಗ ಬರುತ್ತಿರುವುದು 3,600, ಅದರಲ್ಲೇ ವಿಮೆಯ ಕಂತೂ ಹೋಗಬೇಕು. ಅಂದರೆ ಕಡಿಮೆ ವಂತಿಗೆ ಎಂದು ವಿವರಪತ್ರದಲ್ಲಿ ಹೊಳೆಯುವ ಅಂಕಿ ನಿಜಕ್ಕೂ ಬಾಕಿ ಉಳಿದ ಸಾಲ. ಮೂರು ವರ್ಷದ ಸಭೆಯ ನಡಾವಳಿ, ಲೆಕ್ಕಪತ್ರ, ವಿಮೆಯ ಪ್ರತಿ, ವಿಭಜನಾ ಪತ್ರ ಮತ್ತು ಅದರ ನಿಯಮಾವಳಿ, ವಾಣಿಜ್ಯ ನೋಂದಣಿಯ ಪ್ರತಿ ಕೇಳಿ. ನಡಾವಳಿಯೇ ಇಲ್ಲ ಎಂದರೆ ಅದೂ ಒಂದು ಉತ್ತರವೇ. ಮಾರುವವರು ಕಟ್ಟದೆ ಬಿಟ್ಟ ಈ ಲೆಕ್ಕವರ್ಷದ ಮತ್ತು ಹಿಂದಿನ ಲೆಕ್ಕವರ್ಷದ ವಂತಿಗೆಗೆ ನೀವೂ ಜಂಟಿಯಾಗಿ ಹೊಣೆಯಾಗುತ್ತೀರಿ. ಈಗಾಗಲೇ ತೀರ್ಮಾನವಾಗಿ ನೋಂದಣಿಯ ನಂತರ ವಸೂಲಿಗೆ ಬರುವ ವಿಶೇಷ ವಂತಿಗೆ ಯಾರ ತಲೆಗೆ ಬರುತ್ತದೆ ಎಂದು ನಿಯಮಾವಳಿಯಲ್ಲಿ ನೋಡಿಕೊಳ್ಳಿ.

ಕೆಲವು ವರ್ಷದ ಹಿಂದೆ, ಬೇರೊಂದು ಬಡಾವಣೆಯಲ್ಲಿ, ನನ್ನ ಪರಿಚಯದ ದಂಪತಿಗಳು ಹೀಗೆಯೇ ಷರತ್ತಿಲ್ಲದೆ ಮನೆ ಕೊಂಡರು. ಕೀಲಿ ಕೈಗೆ ಬಂದ ಐದನೇ ತಿಂಗಳಲ್ಲಿ ಪಕ್ಕದ ಕಟ್ಟಡದವರು ಪಾಯ ಬದಲಾಯಿಸುವ ನೋಟಿಸು ಹಾಕಿದರು. ಮಾರಿದವರಿಗೆ ಗೊತ್ತಿತ್ತೇ ಎಂದು ಸಾಬೀತು ಮಾಡಲಾಗಲಿಲ್ಲ. ಅವರ ಒಪ್ಪಂದದಲ್ಲಿ ‘ಹಳೆತನದ ಷರತ್ತು’ ಇತ್ತು: ಕಟ್ಟಡ ನೂರು ವರ್ಷಕ್ಕೂ ಹಳೆಯದು, ಪಾಯ, ಕೊಳವೆ, ತೇವ ಮುಂತಾದವುಗಳಲ್ಲಿ ಹೊಸ ಮನೆಯ ಗುಣಮಟ್ಟ ನಿರೀಕ್ಷಿಸುವುದಿಲ್ಲ ಎಂದು ಕೊಳ್ಳುವವರು ಒಪ್ಪಿದ್ದಾರೆ ಎಂಬ ಅರ್ಥದ್ದು. ಡಚ್ ಕಾನೂನಿನಲ್ಲಿ ಮಾರುವವರಿಗೆ ತಿಳಿದದ್ದನ್ನು ಹೇಳುವ ಕರ್ತವ್ಯವಿದೆ, ಕೊಳ್ಳುವವರಿಗೆ ವಿಚಾರಿಸುವ ಕರ್ತವ್ಯವೂ ಇದೆ. ಈ ಷರತ್ತು ತಕ್ಕಡಿಯನ್ನು ಮಾರುವವರ ಕಡೆಗೆ ವಾಲಿಸುತ್ತದೆ. ನಿಮ್ಮ ಕರಡು ಒಪ್ಪಂದದಲ್ಲಿಯೂ ಅದು ಇರುತ್ತದೆ ಎಂದು ನಾನು ಬಹುಮಟ್ಟಿಗೆ ಬಲ್ಲೆ. ಆದ್ದರಿಂದ ಪ್ರಶ್ನೆಗಳನ್ನು ಬಾಯಲ್ಲಿ ಕೇಳದೆ ಇ-ಮೇಲ್‌ನಲ್ಲಿ ಕೇಳಿ, ಉತ್ತರವನ್ನೂ ಇ-ಮೇಲ್‌ನಲ್ಲೇ ಪಡೆಯಿರಿ.

ಹಾಗಾದರೆ ಏನು ಮಾಡುವುದು? ಪಾಯದ ವರದಿ ತೃಪ್ತಿಕರವಾಗಿರಬೇಕು ಎಂಬ ಷರತ್ತಿನೊಂದಿಗೆ ಬೆಲೆ ಕೂಗುವುದು ಸುರಕ್ಷಿತ ದಾರಿ. ಸ್ಪರ್ಧೆಯಲ್ಲಿ ಮನೆ ಕೈತಪ್ಪುವ ಸಾಧ್ಯತೆ ಅದರ ಬೆಲೆ. ಷರತ್ತು ಬಿಟ್ಟು, ಕೂಗುವ ಮೊದಲೇ ನಿಮ್ಮ ಖರ್ಚಿನಲ್ಲಿ ತಪಾಸಣೆ ಮಾಡಿಸುವುದು ನಡುವಿನ ದಾರಿ. ಆಗಲೂ ಗುಂಡಿ ತೋಡಲು ಸಮಯ ಸಿಗದು, ಹಳೆಯ ವರದಿಯನ್ನೇ ನೆಚ್ಚಬೇಕು. ಪಾಯ ಕೆಟ್ಟಿದೆ ಎಂದೇ ಹಿಡಿದು, ನಿಮ್ಮ ಪಾಲಿನ ಖರ್ಚನ್ನು ಕಳೆದು ಕೂಗುವವರೂ ಇದ್ದಾರೆ. ಈ ದಾರಿಯಲ್ಲಿ ಅಪಾಯವಿರುವುದು ಕಾಲದಲ್ಲಿ: ನಾಲ್ವರ ಸಂಘದಲ್ಲಿ ಒಬ್ಬರಲ್ಲಿ ಹಣವಿಲ್ಲದಿದ್ದರೆ ಕೆಲಸ ಮುಂದೂಡುತ್ತದೆ, ಬ್ಯಾಂಕ್ ಮುಂದೆ ನಿಮ್ಮ ಮನೆಯ ಮೌಲ್ಯ ಕೆಳಗಿಳಿಯುತ್ತದೆ, ಮಾರಲೂ ಆಗುವುದಿಲ್ಲ. ಪಾಯವನ್ನು ಈಗಾಗಲೇ ಹೊಸದಾಗಿ ಮಾಡಿಸಿದ ಕಟ್ಟಡದಲ್ಲಿ ಹೆಚ್ಚು ಬೆಲೆ ಕೊಟ್ಟು ಕೊಳ್ಳುವುದು ನನ್ನ ಕಣ್ಣಿಗೆ ದುಬಾರಿಯಲ್ಲ. ನೆಲಮಹಡಿಯನ್ನು ತಿಂಗಳುಗಟ್ಟಲೆ ಖಾಲಿ ಮಾಡಿಸಿ, ಉಕ್ಕಿನ ಕೊಳವೆಗಳನ್ನು ತುಂಡುತುಂಡಾಗಿ ಬೆಸೆದು ಮರಳಿನ ತನಕ ಇಳಿಸಿ, ಗೋಡೆಯ ಬುಡವನ್ನು ಕೊರೆದು ಕಾಂಕ್ರೀಟ್ ಹಾಸನ್ನು ಸೇರಿಸುವ ಆ ಕೆಲಸವನ್ನು ಒಮ್ಮೆ ಕಂಡವರು ಅದು ಮುಗಿದ ಕಟ್ಟಡಕ್ಕೆ ಗೌರವ ಕೊಡುತ್ತಾರೆ.

ನಿಮ್ಮ ಜಾಗದಲ್ಲಿ ನಾನಿದ್ದರೆ, ಎಡಕ್ಕೆ ವಾಲಿದ ನೆಲ, ಯೋಜನೆಯಿಲ್ಲದ ಸಂಘ, 9,000 ಯೂರೋ ನಿಧಿ ಈ ಮೂರೂ ಕೂಡಿದ ಮನೆಗೆ ಷರತ್ತಿಲ್ಲದೆ ಕೂಗುತ್ತಿರಲಿಲ್ಲ. ಹಣಕಾಸಿನ ಷರತ್ತನ್ನಂತೂ ಬಿಡಲೇಬೇಡಿ; ಸಾಲ ಸಿಗದೆ ಹಿಂದೆ ಸರಿದರೆ ಬೆಲೆಯ ಶೇ 10ರಷ್ಟು ದಂಡ ಬೀಳುವುದು ಇಲ್ಲಿನ ಒಪ್ಪಂದಗಳ ರೂಢಿ. ಸಹಿಯಾದ ಒಪ್ಪಂದದ ಪ್ರತಿ ಕೈಸೇರಿದ ಮೇಲೆ ಮೂರು ದಿನ ಕಾರಣ ಹೇಳದೆ ಹಿಂದೆಗೆಯಬಹುದು, ಆ ಮೂರು ದಿನವನ್ನು ಸಂಭ್ರಮದಲ್ಲಿ ಕಳೆಯದೆ ಕಾಗದ ಓದಲು ಇಟ್ಟುಕೊಳ್ಳಿ. ನಗರಸಭೆಯ ನೆಲಗುತ್ತಿಗೆಯ (ನೆಲ ನಗರಸಭೆಯದಾಗಿಯೇ ಉಳಿದು ಮನೆಯವರು ಅದಕ್ಕೆ ಗುತ್ತಿಗೆ ಹಣ ಕೊಡುವ ಪದ್ಧತಿಯ) ಬಗ್ಗೆ ಯಾರಾದರೂ ಹೆದರಿಸಿದರೆ, ಆ ಪದ್ಧತಿ ಬಂದದ್ದು 1896ರಲ್ಲಿ, ಹಳೆಯ ಊರಿನೊಳಗಿನ ಯೊರ್ದಾನ್‌ನಲ್ಲಿ ಬಹುಪಾಲು ಸ್ವಂತ ನೆಲವೇ. ಭೂದಾಖಲೆಯಲ್ಲಿ ಒಮ್ಮೆ ನೋಡಿಕೊಂಡರೆ ಸಾಕು. ಬಡಾವಣೆ ಸಂರಕ್ಷಿತ ಪ್ರದೇಶದಲ್ಲಿರುವುದರಿಂದ ಕಿಟಕಿ ಬದಲಿಸುವುದಕ್ಕೆ ಅನುಮತಿ ವಿಚಾರಿಸಬೇಕು.

ಕೊನೆಯ ಪ್ರಶ್ನೆಗೆ ಎಂಜಿನಿಯರನ ಉತ್ತರ ಹೀಗಿದೆ. ಮರದ ಹಲಗೆಯ ನೆಲದಲ್ಲಿ ಮಗುವಿನ ಓಟ ಎರಡನೇ ಮಹಡಿಯವರ ತಲೆಯ ಮೇಲೆ ನಡೆದಂತೆಯೇ ಕೇಳುತ್ತದೆ. ಅದಕ್ಕೇ ಅನೇಕ ನಿಯಮಾವಳಿಗಳು ಗಟ್ಟಿ ನೆಲಹಾಸನ್ನು ಕನಿಷ್ಠ 10 ಡೆಸಿಬಲ್ ಸದ್ದು ತಗ್ಗಿಸುವ ಪದರವಿಲ್ಲದೆ ಹಾಕಬಾರದು ಎನ್ನುತ್ತವೆ. ಈಗಿರುವ ಲ್ಯಾಮಿನೇಟ್ ನಿಯಮದಂತೆ ಹಾಕಿದ್ದೇ ಎಂದು ಕೇಳಿ. ಇಲ್ಲದಿದ್ದರೆ ಕೀಳಬೇಕಾಗಿ ಬರುವುದು ನೀವು. ಒಗ್ಗರಣೆಯ ಹೊಗೆಗೆ ಹೊರಗೋಡೆಯಲ್ಲಿ ರಂಧ್ರ ಕೊರೆಯುವುದು ಸಂಘದ ಒಪ್ಪಿಗೆಯಿಲ್ಲದೆ ಸಾಧ್ಯವಿಲ್ಲ, ಹಳೆಯ ಚಿಮಣಿಗೆ ಸೇರಿಸಿಬಿಡೋಣ ಎಂದರೆ ಕೆಳಗಿನವರ ಗ್ಯಾಸ್ ಬಾಯ್ಲರಿನ ಹೊಗೆ ಅದರಲ್ಲೇ ಹೋಗುತ್ತಿರಬಹುದು, ಅದು ಜೀವಕ್ಕೇ ಅಪಾಯ. ಇದನ್ನೂ ಕೊಳ್ಳುವ ಮುಂಚೆಯೇ ಬಗೆಹರಿಸಿಕೊಳ್ಳಿ.

ಜನರ ವಿಷಯಕ್ಕೆ ನನ್ನಲ್ಲಿರುವುದು ಅನುಭವವಷ್ಟೇ. ಬೆಲೆ ಕೂಗುವ ಮೊದಲು ಒಂದು ಸಂಜೆ ಮಗಳನ್ನೂ ಕರೆದುಕೊಂಡು ಹೋಗಿ ನೆಲಮಹಡಿಯ ಅಜ್ಜಿಯ ಗಂಟೆ ಒತ್ತಿ. ಮೇಲಿನ ಮನೆ ನೋಡುತ್ತಿದ್ದೇವೆ ಎಂದು ಹೇಳಿ, ನೆಲದಡಿಯಲ್ಲಿ ನೀರು ನಿಲ್ಲುತ್ತದೆಯೇ, ಯಾರಾದರೂ ಎಂದಾದರೂ ಗುಂಡಿ ತೋಡಿದ್ದರೇ, ಎಡಗಡೆಯ ಮನೆಯಲ್ಲಿ ಬಾಗಿಲು ಸಿಕ್ಕಿಕೊಳ್ಳುತ್ತದೆಯೇ ಎಂದು ಕೇಳಿ. ನಿಮ್ಮ ಡಚ್ ತಡವರಿಸಿದರೂ ಅಡ್ಡಿಯಿಲ್ಲ. ಏಜೆಂಟನ ವಿವರಪತ್ರದಲ್ಲಿ ಇರದ ಸಂಗತಿಗಳು ನನಗೆ ಸಿಕ್ಕಿರುವುದು ಹೆಚ್ಚಾಗಿ ಇಂಥ ಅಡುಗೆಮನೆಗಳಲ್ಲಿ, ಒಂದು ಲೋಟ ಕಾಫಿ, ಒಂದೇ ಒಂದು ಬಿಸ್ಕತ್ತಿನ ಎದುರಿಗೆ. ನಾನಿರುವ ಕಟ್ಟಡದಲ್ಲಿ ಹೊಸಬನಾಗಿ ಬಂದ ಮೊದಲ ವರ್ಷ ಸಂಘದ ಲೆಕ್ಕ ಬರೆಯುವ, ಯಾರಿಗೂ ಬೇಡವಾದ ಕೆಲಸವನ್ನು ನಾನೇ ಕೇಳಿ ಪಡೆದೆ. ಅದರಿಂದ ಕಟ್ಟಡದ ಹದಿನೈದು ವರ್ಷದ ಬಿಲ್ಲುಗಳು ನನ್ನ ಕೈಗೆ ಬಂದವು, ಮತ್ತು ವರ್ಷ ಕಳೆಯುವುದರೊಳಗೆ ಪ್ರತಿ ಮನೆಯ ಬಾಗಿಲೂ ನನಗೆ ಪರಿಚಯವಾಗಿತ್ತು.